ಕಾಕಾನ ಹೊಟ್ಟೆಗೆ ಮೆಗಾ ಬ್ಲಾಕ್

ಮುಂಬೈಯ ಇಡೀ ಮುಲುಂಡ್‌ನಲ್ಲಿ ನೋವಿಗೆ ಹೆದರದೆ, ನೋವಿಲ್ಲದಿರುವುದಕ್ಕೆ ಹೆದರುವ ಪ್ರಾಣಿ ಇರುವುದು ಒಂದೇ. ಅದು ನಮ್ಮ ಕಾಕಾ! ವಿಜಯಪುರದ ಕಡೆಯಿಂದ ಬಂದು, ಬಿಲ್ಡಿಂಗುಗಳಿಗೆ ಟೈಲ್ಸ್ ಹಾಕುತ್ತ ಮೊಣಕಾಲು ಸವೆಸಿಕೊಂಡವರು. ದವಡೆಹಲ್ಲು ಕೀಳಿಸುವಾಗ ಇಂಜೆಕ್ಷನ್ ಬೇಡವೆಂದು ಹಟ ಹಿಡಿದರು. ಕೊನೆಗೆ ಬೆವರೊರೆಸಿಕೊಳ್ಳುತ್ತ ಹೊರಬಂದದ್ದು ಡಾಕ್ಟರು!

ಇಂಥವರಿಗೆ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ತಕ್ಷಣ ಆಪರೇಷನ್ ಆಗಬೇಕೆಂದರು. ಅರಿವಳಿಕೆಯ ಡಾಕ್ಟರಮ್ಮ ಬಂದು, ಹೊಟ್ಟೆಯ ನರಗಳು ಮರಗಟ್ಟುವಂತೆ ಇಂಜೆಕ್ಷನ್ನಿನಲ್ಲಿ ಬ್ಲಾಕ್ ಕೊಡುತ್ತೇವೆ, ಚೂರು ಸ್ಟಿರಾಯ್ಡ್ ಸೇರಿಸಿದರೆ ಅದು ಇನ್ನಷ್ಟು ಹೊತ್ತು ನಿಲ್ಲುತ್ತದೆ, ಆಪರೇಷನ್ ಆದಮೇಲೂ ನೋವು ಗೊತ್ತಾಗುವುದಿಲ್ಲ ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದರು.

ಕಾಕಾ ನನ್ನ ಕೈ ಹಿಡಿದರು. "ತಂಗಿ, ಬ್ಲಾಕ್ ಅಂದ್ರ ಐತವಾರದ ಮೆಗಾ ಬ್ಲಾಕ್ ಇದ್ದಂಗ?"

ಸೆಂಟ್ರಲ್ ಲೈನಿನಲ್ಲಿ ಆಯುಷ್ಯ ಕಳೆದವರಿಗೆ ಇನ್ನೇನು ಹೊಳೆದೀತು? ಭಾನುವಾರ ಬಂತೆಂದರೆ ಹಳಿ ರಿಪೇರಿ, ಲೋಕಲ್ ರೈಲು ಬಂದ್!

"ಹಂಗ ಅಂತ ತಿಳ್ಕೊರಿ ಕಾಕಾ. ನೋವಿನ ಗಾಡಿ ಅಷ್ಟ ಬಂದ್."

"ಅದನ್ನ ಮತ್ತ ಉದ್ದ ಬ್ಯಾರೆ ಮಾಡ್ತಾರ? ಮೂರಕ್ಕ ಮುಗೀತೈತಿ ಅಂತ ಹೇಳಿ ಸಂಜೀಮಟ ಎಳೀತಾರವ್ವಾ ಈ ಮಂದಿ! ಗಾಡಿ ಮತ್ತ ಬರಲೇ ಇಲ್ಲ ಅಂದ್ರ? ಅಲ್ಲಾ, ಸ್ಟಿರಾಯ್ಡ್ ಜಿಮ್ಮಿನ ಹುಡುಗ್ರದು ಅಲ್ಲೇನು? ನನಗ್ಯಾಕ ಈ ವಯಸ್ಸಿನ್ಯಾಗ ತೋಳು ಉಬ್ಬಸೂದು?"

"ಕ್ಯಾ ಬೋಲ್ ರಹೇ ಹೈ ಅಂಕಲ್?" ಎಂದರು ಡಾಕ್ಟರಮ್ಮ. ಏನಂತ ಅನುವಾದಿಸಲಿ! ನಗು ಬಂತು. ಆದರೆ ಕಾಕಾ ನನ್ನ ಕೈ ಬಿಡಲಿಲ್ಲ.

"ನಿಮ್ಮ ಕಾಕಿ ಕಡೀ ದಿನ ಏನಂದ್ಲು ಗೊತ್ತೈತೇನು? 'ಈಗ ಎಲ್ಲೂ ನೋಯಾಕತ್ತಿಲ್ರೀ' ಅಂದ್ಲು. ನಾ ಖುಷೀಲೆ ಚಾ ತರಾಕ ಹೋದ್ನಿ. ತಿರುಗಿ ಬರೂದ್ರಾಗ..."

ಅಷ್ಟರಲ್ಲಿ ಕಾಕಾನ ಸ್ಟ್ರೆಚರ್ ಆಪರೇಷನ್ನಿಗೆ ಹೊರಟುಹೋಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ಬಂದ ಕಾಕಾ, ಹಾಕಿದ ಟೈಲ್ಸ್ ಪೊಳ್ಳೇ ಎಂದು ಬಡಿದು ನೋಡುವ ಚಾಳಿಯಲ್ಲಿ ಹೊಟ್ಟೆ ಬಡಿಯಲು ಹೋದರು. ಗಪ್ಪನೆ ಕೈ ಹಿಡಿದೆ. "ದರ್ದ್ ಹೈ?" ಎಂದು ನರ್ಸ್ ಕೇಳಿದರೆ "ನಹೀ" ಎನ್ನುತ್ತ ಕಾಕಾ ಗೊಳೋ ಎಂದು ಅತ್ತರು! ನೋವಿಲ್ಲವೆಂದು ಅಳುವ ಪೇಷೆಂಟನ್ನು ಆಕೆ ಎಲ್ಲಿ ನೋಡಿರಬೇಕು?

"ನೀ ಮಾತ್ರ ಚಾ ತರಾಕ ಹೋಗಬ್ಯಾಡ," ಎಂದರು ಕಾಕಾ.

ಹೋಗಲಿಲ್ಲ. ಅವರು ಕಣ್ಣು ಮುಚ್ಚಿದಾಗಲೆಲ್ಲ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತ ಕೂತೆ. ಅವರ ಹೆದರಿಕೆ ಪೂರ್ತಿ ನನಗೇ ಹತ್ತಿಬಿಟ್ಟಿತ್ತು.

ಮರುದಿನ ಕಾಕಾ ಒಮ್ಮೆ ಕೆಮ್ಮಿದರು. "ಅಯ್ಯಯ್ಯೋ ಯವ್ವಾ!" ಎಂಬ ಕೂಗಿಗೆ ವಾರ್ಡೆಲ್ಲ ಎದ್ದು ಕೂತಿತು. ನರ್ಸ್ ಮಾತ್ರೆ ತರಲು ಓಡಿದರು. ಕಾಕಾನ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ತಂಗೀ, ಗಾಡಿ ಬಂತು! ಈಗ ಹೋಗು, ಚಾ ಕುಡದು ಬಾ."