ಅವ್ವನ ತೊಕ್ಕು, ನನ್ನ ಮೂರು ಮುಚ್ಚಳ

ಮುಚ್ಚಳ ಎಸೆಯುವವರನ್ನು ಕಂಡರೆ ನನಗಾಗುವುದಿಲ್ಲ. ಬಾಟಲಿ ಒಡೆಯಿತು ಸರಿ, ಪಾಪ, ಮುಚ್ಚಳ ಏನು ತಪ್ಪು ಮಾಡಿತ್ತು? ಈ ನ್ಯಾಯದ ಪ್ರಕಾರ ಚಳ್ಳಕೆರೆಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಟ್ರಂಕಿನ ತುಂಬ ತಗಡಿನ ಮುಚ್ಚಳಗಳಿವೆ. ಜಾಮಿನವು, ಜೇನುತುಪ್ಪದವು, ಉಪ್ಪಿನಕಾಯಿಯವು, ಯಾವುದರವೆಂದು ನನಗೇ ಮರೆತುಹೋದವು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನ್ನ ಹತ್ತಿರ ಉಳಿದಿರುವುದು ಎರಡೇ: ಆ ಟ್ರಂಕು ಮತ್ತು ಆತ್ಮವಿಶ್ವಾಸ. ಎರಡನ್ನೂ ಗುಜರಿಗೆ ಹಾಕಿ ಅಂತ ನನ್ನ ಹೆಂಡತಿ ಗಿರಿಜ ಬಹಳ ದಿನಗಳಿಂದ ಹೇಳುತ್ತಿದ್ದಾಳೆ.

ನಮ್ಮವ್ವ ಪ್ರತಿ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ಹುಣಸೇಕಾಯಿ ತೊಕ್ಕು ಹಾಕುತ್ತಿದ್ದಳು. ದೊಡ್ಡಉಳ್ಳಾರ್ತಿಯ ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೇಮರವಿದೆ. ಬೀಜ ಬಲಿಯುವ ಮುಂಚೆ ಕಾಯಿ ಕೀಳಿಸಿ, ಉಪ್ಪು, ಹಸಿಮೆಣಸಿನಕಾಯಿ, ಅರಿಶಿನ, ಹುರಿದ ಮೆಂತ್ಯದ ಪುಡಿ ಸೇರಿಸಿ, ಒರಳಿನಲ್ಲಿ ಕುಟ್ಟಿ, ನಾರು ತೆಗೆದು, ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಅಪ್ಪನ ಹಳೇ ಪಂಚೆಯ ತುಂಡೊಂದನ್ನು ಕಟ್ಟಿಬಿಡುವಳು. ಎರಡು ವರ್ಷವಾದರೂ ಅದು ಕೆಡುತ್ತಿರಲಿಲ್ಲ. ಬಿಸಿ ಮುದ್ದೆಯ ಪಕ್ಕದಲ್ಲಿ ಒಂದು ಚಮಚ ತೊಕ್ಕು, ಮೇಲೆ ಒಂದಿಷ್ಟು ಶೇಂಗಾ ಎಣ್ಣೆ. ಬರೆಯುವಾಗಲೇ ಬಾಯಲ್ಲಿ ನೀರು ಬರುತ್ತಿದೆ, ಸ್ವಲ್ಪ ತಡೆಯಿರಿ.

ಅವ್ವ ಹೋದ ಮಾಘದಲ್ಲಿ ತೀರಿಕೊಂಡಳು. ಅದಕ್ಕೆ ಎರಡು ತಿಂಗಳ ಮುಂಚೆ ಹಾಕಿದ ತೊಕ್ಕು ಅರ್ಧ ಜಾಡಿಯಷ್ಟು ಉಳಿದಿತ್ತು. ಅವ್ವನ ಸೀರೆಗಳಿದ್ದವು, ಕನ್ನಡಕವಿತ್ತು, ಗೋಡೆಯ ಮೇಲೆ ಫೋಟೋ ಇತ್ತು. ಆದರೆ ಅವ್ವನ ಕೈ ಉಳಿದಿದ್ದದ್ದು ಆ ಜಾಡಿಯೊಳಗೆ ಮಾತ್ರ. ನಾನೂ ಗಿರಿಜಳೂ ಹಬ್ಬಕ್ಕೊಮ್ಮೆ ಅರ್ಧ ಚಮಚ ತೆಗೆದುಕೊಳ್ಳುತ್ತಿದ್ದೆವು. ಸಾವಾದ ವರ್ಷ ಹೊಸ ಉಪ್ಪಿನಕಾಯಿ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲವಾದ್ದರಿಂದ ಅದು ಮುಗಿದರೆ ಮುಗಿದಂತೆಯೇ.

ಮಾರ್ಗಶಿರದಲ್ಲಿ ಒಂದು ಬೆಳಗ್ಗೆ ಮೊಳಕಾಲ್ಮೂರಿನಿಂದ ಅಕ್ಕನ ಫೋನು ಬಂತು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೊಣಕಾಲಿನ ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದ್ದಳು.

"ತಿಪ್ಪೇಶ, ಅವ್ವನ ತೊಕ್ಕು ಉಳ್ದೈತೇನೋ?"

"ಐತಕ್ಕ. ತಂದು ಕೊಡ್ಲಾ?"

"ಬ್ಯಾಡ. ಅವ್ವನ ವರ್ಷಕ್ಕೆ ನಾನೇ ಬರ್ತೀನಿ. ಈ ಮಾತ್ರೆ ನುಂಗಿ ನುಂಗಿ ಬಾಯಿಗೆ ಏನೂ ರುಚಿ ಹತ್ತವಲ್ದು ಕಣೋ. ಆ ಮನೇಲಿ ಕೂತ್ಕಂಡು, ಅವ್ವನ ತೊಕ್ಕು ನಂಚ್ಕಂಡು ಒಂದು ಮುದ್ದೆ ತಿನ್ಬೇಕು. ಒಂದೇ ಒಂದು. ಅಲ್ಲೀಗಂಟ ಕಾಪಾಡೋ."

ಕಡೆಯ ಮಾತು ಹೇಳುವಾಗ ಅವಳ ದನಿ ಸಣ್ಣಗಾಯಿತು. ನನ್ನ ಕಣ್ಣೂ ಒದ್ದೆಯಾಯಿತು. "ಕಾಪಾಡೋ" ಎಂದಳಲ್ಲ, ಅಷ್ಟು ಸಾಕಾಯಿತು, ನನ್ನೊಳಗಿನ ವಿಜ್ಞಾನಿ ಎದ್ದು ಕೂತ!

ಹೋಗಿ ಜಾಡಿ ನೋಡಿದೆ. ಬಟ್ಟೆಯ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ಒಂದೇ ಇರುವೆ. ಆದರೆ ಇನ್ನೂ ಎರಡು ತಿಂಗಳು ಕಾಯಬೇಕಾದ ವಸ್ತು, ಹಳೇ ಪಂಚೆಯ ತುಂಡನ್ನು ನಂಬಿಕೊಂಡು ಕೂರುವುದೇ? ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಹೆಂಗಸೊಬ್ಬಳು ಬಾಟಲಿಗಳನ್ನು ನೀರಿನಲ್ಲಿ ಕುದಿಸಿ, ಬಿಸಿಬಿಸಿ ಪದಾರ್ಥ ತುಂಬಿ, ಮುಚ್ಚಳ ತಿರುಗಿಸಿ ಇಟ್ಟಳು. ಆರುತ್ತಿದ್ದಂತೆ ಮುಚ್ಚಳ 'ಟಕ್' ಎಂದು ಒಳಕ್ಕೆ ಎಳೆದುಕೊಂಡಿತು. ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಕೊನೆಗೆ ಆಕೆ ಬೆರಳೆತ್ತಿ, ಪ್ರತಿ ಸಲವೂ ಹೊಸ ಮುಚ್ಚಳವನ್ನೇ ಬಳಸಬೇಕು, ಹಳೆಯದು ಬೇಡ ಎಂದು ಎಚ್ಚರಿಸಿದಳು. ನಾನು ನಕ್ಕೆ. ಮುಚ್ಚಳ ಮಾರುವವರ ಕಿತಾಪತಿ ನನಗೆ ತಿಳಿಯದೇ? ಮುನ್ನೂರು ಮುಚ್ಚಳದ ಒಡೆಯ ನಾನು!

ಗಿರಿಜಳಿಗೆ ಯೋಜನೆ ವಿವರಿಸಿದೆ.

"ರೀ, ಆ ಜಾಡಿ ಮುಟ್ಟಬ್ಯಾಡ್ರಿ. ಅತ್ತೆ ಇಟ್ಟಿದ್ದು ಹೆಂಗೈತೋ ಹಂಗೇ ಇರ್ಲಿ."

"ಆಯ್ತು ಬಿಡೆ," ಎಂದೆ. ಆಯಿತು ಎಂದದ್ದು ಅವಳು ಮನೆಯಲ್ಲಿರುವಷ್ಟು ದಿನಕ್ಕೆ. ಆ ವಾರವೇ ಅವಳು ಅಣ್ಣನ ಮೊಮ್ಮಗಳ ನಾಮಕರಣಕ್ಕೆಂದು ಬಿ.ಜಿ. ಕೆರೆಗೆ ಎರಡು ದಿನ ಹೋದಳು. ಬಸ್ಸು ತಿರುವು ದಾಟುವವರೆಗೂ ಕೈ ಬೀಸಿ, ನೇರ ಮನೆಗೆ ಬಂದು ಅಟ್ಟ ಹತ್ತಿದೆ.

ಮೂರು ಗಾಜಿನ ಬಾಟಲಿ, ಮೂರು ಮುಚ್ಚಳ ಆರಿಸಿದೆ. ಮುಚ್ಚಳಗಳಿಗೆ ಬೆಳ್ಳುಳ್ಳಿ ಉಪ್ಪಿನಕಾಯಿಯ ವಾಸನೆ ಬಿಟ್ಟಿರಲಿಲ್ಲ. ಅಲ್ಲಲ್ಲಿ ತುಕ್ಕೂ ಹತ್ತಿತ್ತು. ಅದಕ್ಕೇನು, ನಮ್ಮ ಮನೆಗಳಲ್ಲಿ ತಂಬಿಗೆ ಬೆಳಗುವ ವಿದ್ಯೆ ಇದೆಯಲ್ಲ! ಒಂದು ಹಿಡಿ ಹಳೇ ಹುಣಸೇಹಣ್ಣು, ಒಂದಿಷ್ಟು ಮರಳು, ತೆಂಗಿನ ನಾರು. ಕೂತು ತಿಕ್ಕಿದೆ. ಒಳಗಡೆ ಬಿಳಿಯ ಬಣ್ಣದಂಥದೊಂದು ಪದರವಿತ್ತು. ಅದೂ ಕೊಳೆಯೇ ಎಂದು ಉಗುರಿನಿಂದ ಕೆರೆದು ಪೂರ್ತಿ ತೆಗೆದೆ. ಮುಚ್ಚಳ ಫಳಫಳ ಹೊಳೆಯಿತು. ಹುಣಸೇಹಣ್ಣು ಲೋಹವನ್ನು ಎಷ್ಟು ಚೆನ್ನಾಗಿ ತಿನ್ನುತ್ತದೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮೆಚ್ಚಿಕೊಂಡು, ಮುಂದೆ ಯೋಚಿಸದೆ ಅಷ್ಟಕ್ಕೇ ಬಿಟ್ಟೆ!

ಇನ್ನೊಂದು ಸಣ್ಣ ಅಡಚಣೆ. ಮುಚ್ಚಳದ ಅಂಚಿನ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಬೀದಿಯ ಕೊನೆಯಲ್ಲಿ ಪಂಚರ್ ಅಂಗಡಿ ಇಟ್ಟಿರುವ ಖಾಜಾ ಸಾಬರ ಹತ್ತಿರ ಹೋಗಿ ಹಳೇ ಸೈಕಲ್ ಟ್ಯೂಬು ಕೇಳಿದೆ.

"ಯಾವ ಸೈಕಲ್‌ಗೆ ಮೇಷ್ಟ್ರೇ?"

"ಸೈಕಲ್‌ಗಲ್ಲ ಸಾಬ್ರೇ, ತೊಕ್ಕಿಗೆ."

ಸಾಬರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಇಂಥವರ ಹತ್ತಿರ ಮಾತು ಬೆಳೆಸಬಾರದು ಅನ್ನಿಸಿರಬೇಕು, ಸುಮ್ಮನೆ ಮೂರು ಬಳೆ ಕತ್ತರಿಸಿ ಕೊಟ್ಟರು. ದುಡ್ಡೂ ತೆಗೆದುಕೊಳ್ಳಲಿಲ್ಲ.

ಎಲ್ಲ ಕುದಿಸಿದೆ. ಜಾಡಿಯ ಬಟ್ಟೆಯನ್ನು ಗಿರಿಜ ಪ್ರತಿ ಸಲವೂ ಅವ್ವನ ಹಾಗೆಯೇ ಕಟ್ಟಿಡುತ್ತಿದ್ದಳು. ಅದು ಎರಡು ಸುತ್ತಿನ ಬಿಗಿ ಗಂಟು. ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ತೊಕ್ಕನ್ನು ಕೊನೆಯ ಚೂರಿನವರೆಗೆ ಬಳಿದು, ಬಾಣಲೆಯಲ್ಲಿ ಬಿಸಿ ಮಾಡಿ, ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದೆ. ಗಾಳಿ ಸೇರದಿರಲೆಂದು ಮೂರನ್ನೂ ಬೋರಲಾಗಿಟ್ಟೆ. ಹತ್ತು ನಿಮಿಷ ಉಸಿರು ಬಿಗಿ ಹಿಡಿದು ಕೂತೆ. 'ಟಕ್!' ಸ್ವಲ್ಪ ಹೊತ್ತಿಗೆ ಮತ್ತೊಂದು 'ಟಕ್!' ಸಂತೋಷಕ್ಕೆ ನಾನೇ ಚಪ್ಪಾಳೆ ತಟ್ಟಿದೆ. ಮೂರನೆಯದು ಏನೂ ಹೇಳಲಿಲ್ಲ. ಅದರದು ಮೌನ ಸ್ವಭಾವ ಎಂದುಕೊಂಡೆ.

ಊರಿನಿಂದ ಬಂದ ಗಿರಿಜ ಶೆಲ್ಫಿನ ಮುಂದೆ ನಿಂತಳು.

"ಜಾಡೀಲಿದ್ದದ್ದು ಎಲ್ಲಾನೂ ತೆಗ್ದಿರಾ?"

"ಎಲ್ಲಾನೂ!"

ಅವಳು ಬೈಯಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಬೈಯದೆ ಬಿಟ್ಟ ಸಂದರ್ಭಗಳು ಬಹಳ ಕಡಿಮೆ. ಆಗಲೇ ನಾನು ಹೆದರಬೇಕಿತ್ತು.

ಮೂರನೇ ವಾರದಲ್ಲಿ ಶೆಲ್ಫಿನ ಮೇಲೆ ಕಂದು ಬಣ್ಣದ ಉಂಗುರಗಳು ಕಾಣಿಸಿದವು. ಒರೆಸಿ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿದೆ. ಆಮೇಲೆ ಮುಚ್ಚಳ ಉಬ್ಬತೊಡಗಿತು. ಒಳಕ್ಕೆ ಎಳೆದುಕೊಂಡಿದ್ದದ್ದು ಪೂರಿಯ ಹಾಗೆ ಹೊರಕ್ಕೆ ಬಂತು.

"ಇದ್ಯಾಕ್ರಿ ಹಿಂಗೆ ಊದ್ಕಂಡೈತೆ?"

"ಒಳಗೆ ತೊಕ್ಕು ಪಕ್ವ ಆಗ್ತಾ ಐತೆ ಕಣೆ," ಎಂದೆ, ಪಾಠ ಮಾಡುವ ದನಿಯಲ್ಲಿ.

ಸಂಕ್ರಾಂತಿ ಕಳೆದ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. 'ಢಮ್' ಎಂದಿತು. ಮೊದಲನೇ ಮುಚ್ಚಳ ಹಾರಿ ಫ್ಯಾನಿಗೆ ಬಡಿದು, ಫ್ಯಾನಿನಿಂದ ಕ್ಯಾಲೆಂಡರಿಗೆ ಬಡಿದು ನನ್ನ ತಟ್ಟೆಯ ಪಕ್ಕ ಬಿತ್ತು. ತೊಕ್ಕು ಗೋಡೆಗೆ, ಫ್ಯಾನಿನ ರೆಕ್ಕೆಗೆ, ನನ್ನ ಬೋಳುತಲೆಗೆ. ಮುಚ್ಚಳ ತಿರುಗಿಸಿ ನೋಡಿದೆ. ಒಳಗೆ ನಾನು ಪದರ ಕೆರೆದ ಕಡೆಯೆಲ್ಲ ಹುಳಿ ತಿಂದ ಕಪ್ಪು ಕಪ್ಪು ಕುಳಿಗಳು. ಆ ಹೊತ್ತಿನಲ್ಲಿ ನನಗೆ ಜ್ಞಾನೋದಯವಾಯಿತು. ಆಮ್ಲ ಮತ್ತು ಲೋಹ ಸೇರಿದರೆ ಲವಣ ಮತ್ತು ಜಲಜನಕ! ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಬಾಯಿಪಾಠ ಬಾರದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ಮಕ್ಕಳೆಲ್ಲ ಬಂದು ಈಗ ನನ್ನನ್ನು ನಿಲ್ಲಿಸಿದರೂ ನನ್ನದೇನೂ ತಕರಾರಿಲ್ಲ.

"ಉಳಿದೆರಡು ಬಿಚ್ರಿ ಮೊದ್ಲು!" ಗಿರಿಜ ಕೂಗಿದಳು.

ಎರಡನೆಯದು ತುಕ್ಕು ಹಿಡಿದು ಬಾಟಲಿಗೆ ಕಚ್ಚಿಕೊಂಡಿತ್ತು. ಬಿಸಿನೀರು ಹುಯ್ದೆ, ಬಟ್ಟೆ ಸುತ್ತಿ ತಿರುಗಿಸಿದೆ, ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದೆ. ಬಾಗಿಲು ಅಲ್ಲಾಡಿತು, ಮುಚ್ಚಳ ಅಲ್ಲಾಡಲಿಲ್ಲ. ಖಾಜಾ ಸಾಬರ ಅಂಗಡಿಗೆ ಓಡಿದೆ. ಅವರು ದೊಡ್ಡ ಪಾನಾ ಹಾಕಿ ಒಮ್ಮೆ ತಿರುವಿದರು.

"ನಿಮ್ ಫಿಟಿಂಗ್ ಬಹುತ್ ಮಜ್ಬೂತ್ ಐತೆ ಮೇಷ್ಟ್ರೇ," ಎನ್ನುತ್ತಿದ್ದಂತೆಯೇ ಬಾಟಲಿಯ ಕತ್ತು ಮುರಿಯಿತು. ಗಾಜಿನ ಚೂರುಗಳೆಲ್ಲ ತೊಕ್ಕಿನೊಳಗೆ ಬಿದ್ದವು. ಮುಚ್ಚಳ ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇನ್ನುಳಿದದ್ದು ಮೌನ ಸ್ವಭಾವದ್ದು. ಅದನ್ನು ಮುಟ್ಟಿದ ಕೂಡಲೇ ಮುಚ್ಚಳ ತಾನಾಗಿ ಕೈಗೆ ಬಂತು, ಅರ್ಧ. ತೊಕ್ಕು ಕಪ್ಪಗಾಗಿ ಮೇಲೆ ಬೂಸಲು ಕಟ್ಟಿತ್ತು. ಆದರೂ ಆಸೆ ನೋಡಿ, ತಳದಿಂದ ಬೆರಳ ತುದಿಯಷ್ಟು ತೆಗೆದು ನಾಲಗೆಗಿಟ್ಟೆ. ಅವ್ವ ಎಲ್ಲಾದರೂ ಸಿಗುತ್ತಾಳೇನೋ ಎಂದು. ಮೊದಲು ಕಬ್ಬಿಣ ಬಂತು, ಆಮೇಲೆ ಸೈಕಲ್ ಟ್ಯೂಬು. ಅವ್ವ ಎಲ್ಲಿಯೂ ಇರಲಿಲ್ಲ. ಉಗುಳಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದೆ. ಗಿರಿಜ ಗದರಿದ ಮೇಲೆ ಉಗುಳಿದೆ.

ಅದನ್ನು ಕಸದ ಗಾಡಿಗೆ ಕೊಡಲು ಇಬ್ಬರಿಗೂ ಆಗಲಿಲ್ಲ. ಹಿತ್ತಿಲಿನಲ್ಲಿ ಗುಂಡಿ ತೋಡಿ ಮುಚ್ಚಿದೆವು. ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಗಿರಿಜ ಆಗಲೂ ಬೈಯಲಿಲ್ಲ. ತೋಟದ ಪೈಪು ತಂದು ನನ್ನ ಕೈಕಾಲಿಗೆ ನೀರು ಬಿಟ್ಟಳು.

ಮಾರನೇ ದಿನ ದೊಡ್ಡಉಳ್ಳಾರ್ತಿಗೆ ಹೋದೆ. ಪದ್ಧತಿ ಪಕ್ಕಕ್ಕಿರಲಿ, ಹೊಸ ತೊಕ್ಕನ್ನಾದರೂ ಕುಟ್ಟೋಣ ಎಂದು. ಮರದ ತುಂಬ ಕಾಯಿ ಬಲಿತು, ಸಿಪ್ಪೆ ಬಿಟ್ಟು, ಹಣ್ಣಾಗಿ ತೂಗುತ್ತಿದ್ದವು. ಒಂದು ಎಳೆ ಕಾಯಿಯೂ ಸಿಗಲಿಲ್ಲ. ಹಿಂದೆಲ್ಲ ಆ ಮರದ ಕೆಳಗೆ ಅವ್ವ ಸೆರಗಿಗೆ ಕಾಯಿ ಆರಿಸುತ್ತಾ, "ಮೇಷ್ಟ್ರಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ," ಎಂದು ಬೈಯುತ್ತಿದ್ದಳು. ಈಗ ಹಾಗೆ ಬೈಯುವವರಾದರೂ ಇದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಅಂಗಡಿಯಿಂದ ತೊಕ್ಕು ತಂದು ಬಡಿಸಿಬಿಡೋಣವೇ ಎಂದು ಗಿರಿಜಳನ್ನು ಕೇಳಿದೆ.

"ಅಕ್ಕನ ನಾಲ್ಗೆಗೆ ಮೋಸ ಮಾಡ್ತೀರೇನ್ರಿ? ತಪ್ಪು ನಿಮ್ದು, ನೀವೇ ಬಾಯಿಬಿಟ್ಟು ಹೇಳ್ರಿ."

ಅವ್ವನ ವರ್ಷದ ದಿನ ಅಕ್ಕ ಬಂದಳು. ಬಸ್ಸಿಳಿದು ಕೋಲೂರಿಕೊಂಡು, ಅರ್ಧ ದಾರಿಯಲ್ಲಿ ಎರಡು ಸಲ ಕೂತು, ಮನೆ ಸೇರಿದಳು. ಫೋಟೋಗೆ ಕೈಮುಗಿದು, ಎಡೆಯಿಟ್ಟು, ಊಟಕ್ಕೆ ಕುರ್ಚಿಯ ಮೇಲೆ ಕೂತಳು. ಗಿರಿಜ ಮುದ್ದೆ ಹಾಕಿದಳು. ಅಕ್ಕ ಸಾರು ಬೇಡವೆಂದು ಕೈ ಅಡ್ಡ ಹಿಡಿದಳು. ತಟ್ಟೆಯ ಅಂಚಿನಲ್ಲಿ ಜಾಗ ಮಾಡಿಕೊಂಡು ಚಿಕ್ಕ ಹುಡುಗಿಯ ಹಾಗೆ ನನ್ನ ಕಡೆ ನೋಡಿದಳು.

"ತಗಂಬಾರೋ."

ನಾನು ಎದ್ದು ನಿಂತೆ. "ಅಕ್ಕ, ಸದರಿ ತೊಕ್ಕಿನ ಸಂರಕ್ಷಣೆಯ ಕಾರ್ಯದಲ್ಲಿ ಅನಿವಾರ್ಯ ಕಾರಣಗಳಿಂದ..." ಎಂದು ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿ ಅವಳ ಕಾಲ ಬಳಿ ಕೂತೆ. "ಹಾಳು ಮಾಡ್ಬಿಟ್ಟೆ ಅಕ್ಕ. ಎಲ್ಲಾ ಹಾಳು ಮಾಡ್ಬಿಟ್ಟೆ," ಎಂದೆ. ಮುಚ್ಚಳ, ಮರಳು, ಟ್ಯೂಬು, ಗುಂಡಿ, ಎಲ್ಲ ಹೇಳಿದೆ.

"ಎಂದುಕು ರಾ?" ಎಂದಳು. ಮದುವೆಯಾಗಿ ಮೊಳಕಾಲ್ಮೂರಿಗೆ ಹೋದಾಗಿನಿಂದ ನೋವಾದಾಗ ಅವಳ ಬಾಯಿಗೆ ತೆಲುಗು ಬರುತ್ತದೆ. ಯಾಕೋ ಹೀಗೆ ಮಾಡಿದೆ ಎಂದು ಕೇಳಿದ್ದು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕಣ್ಣೊರೆಸಿಕೊಂಡಳು. "ಪೋನೀಲೇ ರಾ. ಹೋಗ್ಲಿ ಬಿಡು. ಬೇಕಂತ ಮಾಡ್ದೇನು ನೀನು?"

ಆಮೇಲೆ ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು.

"ಲೇ, ಜಾಡಿ ಐತಲ್ಲ? ಜಾಡಿ ತಗಂಬಾ! ಗಿರಿಜ, ಒಂದು ಹಿಡಿ ಬಿಸಿ ಅನ್ನ ತಾರಮ್ಮ!"

ನಾವು ಚಿಕ್ಕವರಿದ್ದಾಗ ತೊಕ್ಕು ಮುಗಿದ ದಿನ ಅವ್ವ ಬರಿದಾದ ಜಾಡಿಗೆ ಬಿಸಿ ಅನ್ನ, ಎಣ್ಣೆ ಹಾಕಿ, ಒಳಗೆ ಕೈಬಿಟ್ಟು ಸುತ್ತಲೂ ಒರೆಸಿ ಕಲಸುತ್ತಿದ್ದಳು. ಜಾಡಿಯ ಗೋಡೆಗೆ ಹತ್ತಿದ್ದೆಲ್ಲ ಅನ್ನಕ್ಕೆ ಬರುತ್ತಿತ್ತು. ನನಗೊಂದು ತುತ್ತು, ಅಕ್ಕನಿಗೊಂದು ತುತ್ತು. ವರ್ಷವಿಡೀ ತಿಂದ ತೊಕ್ಕಿಗಿಂತ ಅದರ ರುಚಿಯೇ ಹೆಚ್ಚು. ಕೊನೆಯ ತುತ್ತಿಗೆ ನಾವಿಬ್ಬರೂ ಜುಟ್ಟು ಹಿಡಿದು ಜಗಳವಾಡುತ್ತಿದ್ದೆವು.

ಗಿರಿಜ ಅನ್ನದ ಬಟ್ಟಲು ಹಿಡಿದು ನಿಂತಳು. ನಾನು ಜಾಡಿ ತಂದು ಅಕ್ಕನ ಮುಂದಿಟ್ಟೆ. ಅವಳು ಒಳಗೆ ಕೈಬಿಟ್ಟು, ಗೋಡೆಯುದ್ದಕ್ಕೂ ಬೆರಳಾಡಿಸಿದಳು. ತೆಗೆದು ನೋಡಿದಳು. ಮೂಗಿಗೆ ಹಿಡಿದಳು. ಆಮೇಲೆ ನಾಲಗೆಗೂ ಇಟ್ಟುಕೊಂಡಳು.

ತೊಕ್ಕು ತೆಗೆದ ದಿನವೇ ನಾನು ಆ ಜಾಡಿಗೆ ಕುದಿಯುವ ನೀರು ಹುಯ್ದು, ಸೋಪಿನ ಪುಡಿ ಹಾಕಿ, ಎರಡು ಸಲ ತಿಕ್ಕಿ, ಮೂರು ದಿನ ಬಿಸಿಲಿಗಿಟ್ಟಿದ್ದೆ.

"ತಿಪ್ಪೇಶ," ಎಂದಳು ಅಕ್ಕ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಜಾಡಿ ಮಾತ್ರ ಬಾಳ ಚೆನ್ನಾಗಿ ತೊಳ್ದಿದ್ದೀಯ ಕಣೋ."

ಈ ಅರವತ್ತು ವರ್ಷಗಳಲ್ಲಿ ಅಕ್ಕ ನಾನು ಮಾಡಿದ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.