ಒಂಬತ್ತು ಸೀಟಿನ ಗಾಡಿ

೧೯೯೬ರ ಯುಗಾದಿಯ ಸಿಟ್ಟು ರುದ್ರಪ್ಪನಿಗೆ ಇನ್ನೂ ಇಳಿದಿಲ್ಲ. ಅಂದು ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ ಕನ್ನಡಿಗರ ಹಬ್ಬದೂಟ. ಅವರಿದ್ದ ಊರು ಕಾಪೆಲ್ಲೆಯಿಂದ ಎರಡು ಕಾರು ಹೊರಟವು. ಹೆಂಡತಿ ಜಲಜಾಕ್ಷಿಗೆ ಸೀಟು ಸಿಕ್ಕಿತು. ಐವತ್ತು ಜನಕ್ಕೆ ಸಾಂಬಾರು ಕುದಿಸಿದ ಅಡುಗೆಯ ರುದ್ರಪ್ಪನಿಗೇ ಸಿಗಲಿಲ್ಲ.

"ನೀವು ಪಾತ್ರೆ ಹಿಡ್ಕೊಂಡು ಟ್ರೇನಲ್ಲಿ ಬಂದ್ಬಿಡಿ ರುದ್ರಪ್ಪನೋರೆ. ಮುಂದಿನ ಸಲ ನಿಮಗೊಂದು ಸೀಟು. ನನ್ನ ಮಾತು" ಎಂದಿದ್ದ ಸಾಫ್ಟ್‌ವೇರಿನ ಅನಂತರಾಮ.

ಎರಡು ವರ್ಷ ತಾನೇ ಕುದ್ದು, ರುದ್ರಪ್ಪ ಅಮೆರಿಕದ ಹಳೆಯ ವ್ಯಾಗನ್ ಕೊಂಡ. ಎಪ್ಪತ್ತಮೂರರ ಗಾಡಿ, ಲಾರಿಯ ಎಲುಬಿಗೆ ಕಾರಿನ ಚರ್ಮ. ಮೂರು ಸಾಲು, ಒಂಬತ್ತು ಸೀಟು, ಮುಂದಿನದಂತೂ ದಿವಾನ್. ಗೇರು ಸ್ಟಿಯರಿಂಗ್ ಪಕ್ಕದಲ್ಲೇ, ದಾವಣಗೆರೆಯಲ್ಲಿ ಅವನು ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರಿನ ಹಾಗೆ. ಅದನ್ನು ಮುಟ್ಟಿದಾಗ ಅವನ ಕಣ್ಣು ತುಂಬಿತು. (ತಾಳಿ ಕಟ್ಟುವಾಗ ತುಂಬಿರಲಿಲ್ಲ ಎನ್ನುತ್ತಾಳೆ ಜಲಜಾಕ್ಷಿ.)

"ಹಿಂದ್ಗಡೆ ಗ್ಯಾಸ್ ಟ್ಯಾಂಕು! ಸಿಲಿಂಡರ್ ಮೇಲೆ ಕೂತ್ಕೊಂಡು ಹೋಗ್ಬೇಕೇನ್ರೀ?"

"ಇಲ್ಲಿ ಎಷ್ಟೋ ಜನ ಗ್ಯಾಸಲ್ಲೇ ಓಡಿಸ್ತಾರೆ ಕಣೇ. ನೀ ಯಾಕೆ ಹಿಂದೆ ಕೂರ್ತೀಯ? ಮುಂದೆ, ನನ್ನ ಪಕ್ಕ. ರಾಣಿ ಹಂಗೆ. ಎಲ್ರೂ ನೋಡ್ಲಿ."

ಅವಳು ಹೋಗಿ ಮುಂದಿನ ದಿವಾನಿನಲ್ಲಿ ಕೂತು ನೋಡಿದಳು. ಅಂದರೆ ಒಪ್ಪಿದಳು.

ಆ ವರ್ಷದ ಯುಗಾದಿಯಂದು ಸಾಂಬಾರಿನ ಪಾತ್ರೆ ಏರಿಸಿ, ಎಂಟು ಜನರನ್ನು ಹತ್ತಿಸಿ, ಅನಂತರಾಮನನ್ನು ಬೇಕೆಂದೇ ಕಡೆಯ ಸಾಲಿಗೆ ಅಟ್ಟಿ ಹೊರಟ. ದಾರಿಯಲ್ಲಿ ದೋಣಿಗಾಗಿ ಕಾಲುವೆಯ ಸೇತುವೆ ಎತ್ತಿದರು. ರುದ್ರಪ್ಪ ಗ್ಯಾಸ್ ಉಳಿಸಲು ಎಂಜಿನ್ ಆರಿಸಿದ. ಸೇತುವೆ ಇಳಿಯಿತು. ಎಂಜಿನ್ ಏಳಲಿಲ್ಲ. ಹಿಂದಿದ್ದ ಡಚ್ಚರು ಹಾರನ್ ಹೊಡೆಯದೆ ಸುಮ್ಮನೆ ನೋಡಿದರು, ಬೈದಿದ್ದರೆ ವಾಸಿಯಿತ್ತು.

ಭಾರ ಕಡಿಮೆಯಾಗಲೆಂದು ಸಾಂಬಾರಿನ ಪಾತ್ರೆಯನ್ನು ರಸ್ತೆಬದಿಗೆ ಇಳಿಸಿದರು. ಅನಂತರಾಮನೂ ಇನ್ನಿಬ್ಬರು ಗಂಡಸರೂ ತಳ್ಳಿದರು.

"ತಳ್ತಿದೀರೋ, ಮೈ ಸವರ್ತಿದೀರೋ?" ರುದ್ರಪ್ಪ ಕೆಂಡವಾಗಿ ಕೆಳಗಿಳಿದ. "ಅನಂತರಾಮೂ, ನೀವೇ ಹೋಗಿ ಕೂತ್ಕೊಳಿ! ನಿಮ್ಮಪ್ಪಂದೂ ಅಂಬಾಸಿಡರ್ ಅಲ್ವಾ? ಎರಡನೇ ಗೇರಲ್ಲಿ ಕ್ಲಚ್ ಬಿಡಿ. ಹೊರಟ ಮೇಲೆ ಎಲ್ಲೂ ನಿಲ್ಲಿಸ್ಬೇಡಿ, ತಿಳೀತಾ? ನಿಂತ್ರೆ ಮತ್ತೆ ಏಳಲ್ಲ!"

ಅನಂತರಾಮ ಜೀವನದಲ್ಲಿ ಮೊದಲ ಸಲ ಅವನ ಮಾತು ಕೇಳಿದ. ಗಾಡಿ ಗುಡುಗಿತು. ರುದ್ರಪ್ಪನ ಜೊತೆ ತಳ್ಳುತ್ತಿದ್ದ ಇಬ್ಬರೂ ಓಡಿ ಹಿಂದಿನ ಬಾಗಿಲಿಗೆ ಹಾರಿಕೊಂಡರು. ಐವತ್ತೆರಡು ವರ್ಷದ ರುದ್ರಪ್ಪನಿಗೆ ಓಡಲಾಗಲಿಲ್ಲ. ಮುಂದಿನ ದಿವಾನಿನಿಂದ ರಾಣಿಯ ಕೈ ಹೊರಬಂತು.

"ಸಾಂಬಾರ್ ಚೆಲ್ಬೇಡ್ರೀ! ಟ್ರೇನಲ್ಲಿ ಹುಷಾರಾಗಿ ಬನ್ನಿ!"

ಅವನು ಪಾತ್ರೆ ಹೊತ್ತು ಯುಟ್ರೆಕ್ಟ್ ತಲುಪಿದಾಗ ಪಂಕ್ತಿ ಮೊಸರನ್ನಕ್ಕೆ ಬಂದಿತ್ತು. ಬಾಗಿಲಲ್ಲೇ ಅನಂತರಾಮ ಕೈಮುಗಿದ. "ಮುಂದಿನ ಸಲ ನಿಮಗೊಂದು ಸೀಟು, ರುದ್ರಪ್ಪನೋರೆ. ನನ್ನ ಮಾತು."

ಆಮೇಲೆ ಗಾಡಿ ಗುಜರಿಗೆ ಹೋಯಿತು, ಅನಂತರಾಮ ಮೈಸೂರಿಗೆ ಹೋದ. ಸೀಟು ಇಂದಿಗೂ ಬಾಕಿ.