ಹೊಸ ಕಾರಿನ ಮೂತಿ

ನಮ್ಮೂರು ವಂಗರಟ್ಟದಲ್ಲಿ ಹಳೆಯ ಕಾರು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಿರಾಕಿಯನ್ನು ಹೊಸ ಕಾರಿನ ಪಕ್ಕದಲ್ಲೇ ನಿಲ್ಲಿಸಿ ಹಳೆಯದನ್ನು ಮಾರಬಲ್ಲವನು ನಾನೊಬ್ಬನೇ ಎಂದು ಹೆಂಡತಿ ಗ್ವೆಂಡಾಳ ಮುಂದೆ ಎದೆ ತಟ್ಟಿಕೊಂಡೆ.

"ಮೊದಲು ಮಾರು," ಎಂದಳು. "ಆಮೇಲೆ ತಟ್ಕೋ."

ಅವಳಿಗೆ ಸಾಕಾಗಿತ್ತು. ಮನೆಯ ಗ್ಯಾರೇಜಿನಲ್ಲಿ ನನ್ನ ಹಳದಿ ಸ್ಪೋರ್ಟ್ಸ್ ಕಾರೊಂದು ಎರಡು ಬೇಸಿಗೆಯಿಂದ ಠಿಕಾಣಿ ಹೂಡಿತ್ತು. ಕುಂಬಾರಿಕೆ ಕಲಿಸಲೆಂದು ಗ್ವೆಂಡಾ ತರಿಸಿದ, ಮಡಕೆ ಸುಡುವ ಕರೆಂಟಿನ ಒಲೆ ಜಾಗವಿಲ್ಲದೆ ನಡುಮನೆಯಲ್ಲಿ ನಿಂತಿತ್ತು. ಅದರ ಮೇಲೆ ತಟ್ಟೆ ಇಟ್ಟುಕೊಂಡೇ ನಮ್ಮ ಊಟ. ಸೋಮವಾರ ಅವಳ ಮೊದಲ ತರಗತಿ. ಅಷ್ಟರೊಳಗೆ ಗ್ಯಾರೇಜು ಖಾಲಿಯಾಗಬೇಕು.

ಗಿರಾಕಿ ಸಿಕ್ಕಿದ್ದ: ನಿವೃತ್ತ ಪಶುವೈದ್ಯ ಲೆಸ್ಟರ್. ಹಳದಿ ಕಾರನ್ನು ಒಪ್ಪಿದ್ದ. ಆದರೆ ಅದೇ ಕಾರು ಹೊಸ ರೂಪದಲ್ಲಿ ಬಂದಿದೆಯಂತೆ, ಒಮ್ಮೆ ನೋಡಿಬಿಡೋಣ ಎಂದು ರಾಗ ಎಳೆಯುತ್ತಿದ್ದ. ಅದರ ಚಿತ್ರ ನಾನು ನೋಡಿದ್ದೆ. ಅಷ್ಟಗಲದ ಬಾಯಿ, ಸೀಳಿದಂಥ ಕಣ್ಣು. ಯಾರೋ ತುಳಿದ ಮೀನು. ನನ್ನ ಹಳದಿ ಕಾರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಶನಿವಾರ ಲೆಸ್ಟರನ ಹಳೆಯ ವ್ಯಾಗನ್ ಕಾರಿನಲ್ಲೇ ಮೂವರೂ ಪಕ್ಕದ ಊರು ಆಲ್ಬರಿಯ ಶೋರೂಮಿಗೆ ಹೋದೆವು.

ಲೆಸ್ಟರ್ ಹೊಸ ಕಾರಿನ ಎದುರು ನಿಂತು ತಲೆ ಓರೆ ಮಾಡಿದ.

"ಏನು ಬಾಯಿ ಮಾರಾಯ ಇದು. ಇಂಥ ಕುರಿ ಬಂದಿದ್ರೆ ಜ್ವರ ಕೂಡ ನೋಡದೆ ವಾಪಸ್ ಕಳಿಸ್ತಿದ್ದೆ. ನಡಿ, ನಿನ್ನ ಹಳದಿಯೇ ಸಾಕು."

ವ್ಯಾಪಾರ ಕುದುರಿತ್ತು. ನಾನು ತೆಪ್ಪಗೆ ಬಾಗಿಲ ಕಡೆ ನಡೆದಿದ್ದರೆ ಮುಗಿಯುತ್ತಿತ್ತು.

ಆದರೆ ಅಷ್ಟರಲ್ಲಿ ನಾನು ಕಾರಿನ ಹಿಂಭಾಗಕ್ಕೆ ಹೋಗಿಬಿಟ್ಟಿದ್ದೆ. ಚಿತ್ರದಲ್ಲಿ ಗುದ್ದಿಸಿಕೊಂಡಂತೆ ಕಂಡಿದ್ದ ಪಕ್ಕದ ತಗ್ಗು, ಇಲ್ಲಿ ದೀಪದ ಬೆಳಕನ್ನು ಬಾಗಿಲಿನುದ್ದಕ್ಕೂ ಒಂದೇ ಗೆರೆಯಾಗಿ ಎಳೆದು ಹಿಂದಿನ ಚಕ್ರದ ಮೇಲೆ ಸುರಿಯುತ್ತಿತ್ತು. ಸೊಂಟ ನೆಲಕ್ಕೊತ್ತಿ ಓಟಕ್ಕೆ ಕಾದ ಬೇಟೆನಾಯಿ!

"ಮೂತಿ ಬಿಡು, ಇಲ್ಲಿ ಬಂದು ನೋಡು," ಎಂದಿತು ಒಂದು ದನಿ. ನನ್ನದೇ.

"ಕ್ಲೈವ್," ಎಂದಳು ಗ್ವೆಂಡಾ, ಮೆಲ್ಲಗೆ.

"ನಿಂತ್ಕೊಂಡು ನೋಡೋ ಕಾರಲ್ಲ ಕಣೋ ಇದು. ಕುಕ್ಕರುಗಾಲಲ್ಲಿ ಕೂತ್ಕೋ. ಹಾಂ. ಈಗ ಹೇಳು, ಬಾಯಿ ದೊಡ್ಡದು ಅನ್ಸುತ್ತಾ?"

ಲೆಸ್ಟರ್ ಮಂಡಿ ಲಟಲಟ ಅನ್ನಿಸುತ್ತ ಕೂತ. "ಇಲ್ಲ ಕಣಯ್ಯ," ಎಂದ ಬೆರಗಾಗಿ.

"ಕ್ಲೈವ್. ಸೋಮವಾರ."

ಕೇಳಿಸಿತು. ಆದರೆ ಎದುರಿಗೆ ಒಳ್ಳೆಯ ಕಾರು, ಪಕ್ಕದಲ್ಲಿ ಒಪ್ಪದ ಗಿರಾಕಿ ಇದ್ದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಇದರ ಮುಂದೆ ಹಳದಿ ಕಾರು ಬರೀ ಬ್ರೆಡ್ಡಿನ ಡಬ್ಬಿ ಎಂದೂ ಹೇಳಿದೆನಂತೆ. ಶೋರೂಮಿನಾಕೆ ನನಗೆ ಕುಡಿಯಲು ನೀರು ಕೊಟ್ಟು ಸರಿದು ನಿಂತಳು. ಅವಳಿಗೆ ಬೇರೆ ಕೆಲಸವೇ ಉಳಿದಿರಲಿಲ್ಲ. ಪ್ರದರ್ಶನಕ್ಕಿಟ್ಟ ಅದೇ ಕಾರನ್ನು ಲೆಸ್ಟರ್ ಕೊಂಡ.

ಬದಲಿಗೆ ಕೊಡಲು ಹೊರಟ ಅವನ ಹಳೆಯ ವ್ಯಾಗನ್ನಿಗೆ ಆಕೆ ಹೇಳಿದ ಜುಜುಬಿ ಬೆಲೆಯನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

"ಅನ್ಯಾಯ ಇದು. ನನಗೇ ಕೊಡೋ ಲೆಸ್ಟರ್," ಎಂದುಬಿಟ್ಟೆ.

ಅವನು ಹೊಸ ಕಾರಿನಲ್ಲಿ ಗುಡುಗುತ್ತ ಮುಂದೆ ಹೋದ. ಕುರಿ ವಾಸನೆಯ ವ್ಯಾಗನ್ನಿನಲ್ಲಿ ನಾವಿಬ್ಬರೂ ಹಿಂದೆ ಹೊರಟೆವು. ಮನೆ ಮುಂದೆ ಇಳಿಯುವಾಗ ಗ್ವೆಂಡಾ ಕೇಳಿದಳು:

"ಅಷ್ಟೊಂದು ಚೆನ್ನಾಗಿತ್ತಾ ಅದು?"

"ಏನು ಹೇಳ್ಲಿ ಕಣೇ, ಕಣ್ಣು ಕೀಳೋಕಾಗ್ಲಿಲ್ಲ."

"ಹೋಗ್ಲಿ ಬಿಡು," ಎಂದಳು. "ಅವರ ಶೋರೂಮಾದ್ರೂ ಖಾಲಿ ಆಯ್ತಲ್ಲ."